ಬಾಗಿಲಿಗೆ ಬೆನ್ನು ಮಾಡಿದ ಕುರ್ಚಿ

ಹೋದ ವಾರ ಗೋರೆಗಾಂವ್‌ನ ಸ್ಟುಡಿಯೊದಲ್ಲಿ ನಾವು ಹಾಕಿದ್ದ ಹೋಟೆಲ್ ಸೆಟ್ಟಿನ ನೆಲವನ್ನು ಯಾರೋ ಫಿನಾಯಿಲ್ ಹಾಕಿ ಒರೆಸಿದರು. ಅದು ಒಣಗುವ ಮೊದಲೇ ಫೈಟ್ ಮಾಸ್ತರರ ಕಡೆಯವರು ಡಮ್ಮಿ ಪಿಸ್ತೂಲಿನ ಸದ್ದು ನೋಡಲೆಂದು ಎರಡು ಸಲ ಹಾರಿಸಿದರು. ಫಿನಾಯಿಲಿನ ವಾಸನೆಯೂ ಸುಟ್ಟ ಮದ್ದಿನ ವಾಸನೆಯೂ ಸೇರಿ ಮೂಗಿಗೆ ಬಡಿದಾಗ ನಾನು ಕೈಯಲ್ಲಿದ್ದ ನಕ್ಷೆಯನ್ನು ಅಲ್ಲೇ ಬಿಟ್ಟು ಹೊರಗೆ ಹೋಗಿ ನಿಂತೆ. ಮೇಡಂಗೆ ಬಿಸಿಲು ತಾಗಿರಬೇಕು ಎಂದು ಸೆಟ್ಟಿನವರು ನಿಂಬೆ ನೀರು ತಂದುಕೊಟ್ಟರು. ಬಿಸಿಲಲ್ಲ. ಹನ್ನೆರಡು ವರ್ಷದ ಹಿಂದೆ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಇದೇ ಎರಡು ವಾಸನೆಗಳ ನಡುವೆ ನನಗೆ ನನ್ನ ಕೆಲಸ ಕಲಿಸಿದವರೊಬ್ಬರಿದ್ದರು. ಅವರಿಗೆ ನಾನೊಂದು ಮಾತು ಕೊಟ್ಟಿದ್ದೆ. ಅದನ್ನು ಉಳಿಸಿಕೊಳ್ಳಲಿಲ್ಲ.

ಸಿನೆಮಾದಲ್ಲಿ ಕೊಲೆ ನಡೆಯುವ ಕೋಣೆಗಳನ್ನು ಸಿದ್ಧ ಮಾಡುವುದು ನನ್ನ ಹೊಟ್ಟೆಪಾಡು. ಧಾರವಾಡದಲ್ಲಿ ನಮ್ಮವ್ವ ಓಣಿಯವರ ಮುಂದೆ "ನಮ್ಮಾಕಿ ಮುಂಬೈದಾಗ ಸಿನೆಮಾದವರಿಗೆ ಮನಿ ಕಟ್ಟಿ ಕೊಡ್ತಾಳ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಆ ಮನೆಗಳಲ್ಲಿ ಯಾರೂ ಬದುಕಿ ಉಳಿಯುವುದಿಲ್ಲ ಎಂಬುದನ್ನು ನಾನು ಅವಳಿಗೆ ಇನ್ನೂ ಬಿಡಿಸಿ ಹೇಳಿಲ್ಲ. ಆಗ ನಾನು ಹೊಸಬಳು. ಅದಕ್ಕೂ ಮುಂಚೆ ಬೇರೆಯವರ ಕೈಕೆಳಗೆ ಗೋಡೆಗೆ ಬಣ್ಣ ಬಳಿಸಿದ್ದೆ, ಪರದೆ ಹೊಲಿಸಿದ್ದೆ, ಅಷ್ಟೆ. ಮೊದಲ ಸಲ ಒಂದು ಇಡೀ ಕ್ರೈಮ್ ಸಿನೆಮಾ ನನ್ನ ಪಾಲಿಗೆ ಬಂದಿತ್ತು. ಅದರ ನಡುಮಧ್ಯೆ ಒಂದು ದೃಶ್ಯ: ಹೋಟೆಲಿನಲ್ಲಿ ತಿನ್ನುತ್ತ ಕೂತ ವ್ಯಾಪಾರಿಯನ್ನು ಇಬ್ಬರು ಬಂದು ಗುಂಡಿಟ್ಟು ಕೊಲ್ಲುತ್ತಾರೆ. ಅದಕ್ಕಾಗಿ ಗ್ರಾಂಟ್ ರೋಡಿನ ಆ ಹಳೆಯ ಹೋಟೆಲನ್ನು ಎರಡು ದಿನದ ಮಟ್ಟಿಗೆ ಹಿಡಿದಿದ್ದೆವು. ಅಮೃತಶಿಲೆಯ ಮೇಜುಗಳು, ಕಪ್ಪು ಮರದ ಕುರ್ಚಿಗಳು, ಗೋಡೆಯುದ್ದಕ್ಕೂ ಅಂಚು ಮಸುಕಾದ ಕನ್ನಡಿಗಳು. ಒಳಗೆ ಕಾಲಿಟ್ಟರೆ ಬಲಕ್ಕೆ ಮ್ಯಾನೇಜರರ ಗಲ್ಲಾ, ಎಡಕ್ಕೆ ಕೈ ತೊಳೆಯುವ ಬೇಸಿನ್. ಬೇಸಿನ್ ಅಷ್ಟು ಬಾಗಿಲ ಬಳಿ ಇದ್ದದ್ದು ನನಗೆ ವಿಚಿತ್ರವೆನಿಸಿತ್ತು.

ಅಲ್ಲಿದ್ದವರು ನಮ್ಮ ಸಪ್ಲೈಯರ್ ಮಾಮಾ. ಅರವತ್ತರ ಆಸುಪಾಸು, ಉಡುಪಿ ಕಡೆಯವರು, ಮದುವೆಯಾಗಿರಲಿಲ್ಲ. ಮೀಸೆ ಚಿಗುರುವ ಮೊದಲೇ ಆ ಹೋಟೆಲಿಗೆ ಬಂದವರು ಅದರ ಅಟ್ಟದಲ್ಲೇ ಹಾಸಿಗೆ ಹಾಕಿಕೊಂಡು ಅಲ್ಲೇ ತಲೆ ನರೆಸಿಕೊಂಡಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಬಿಳಿ ಬಟ್ಟೆ, ಕಿವಿಯ ಹಿಂದೆ ಪೆನ್ಸಿಲು. ಮಾತು ಕಡಿಮೆ. ನಾನು ಧಾರವಾಡದ ರೂಢಿಯಂತೆ ಮೊದಲ ದಿನವೇ ಮಾಮಾ ಎಂದು ಕರೆದೆ. ಅವರು ಒಮ್ಮೆ ಹುಬ್ಬೇರಿಸಿ, ಆಮೇಲೆ ಒಪ್ಪಿಕೊಂಡರು.

ಮೊದಲ ದಿನ ನಾನು ಹೋಟೆಲನ್ನು ಹೊಲಸು ಮಾಡಿಸಿದೆ. ಹೌದು, ಅದೇ ನನ್ನ ಕೆಲಸವೆಂದುಕೊಂಡಿದ್ದೆ. ಕಿಟಕಿಗೆ ಕಪ್ಪು ಬಟ್ಟೆ ಬಿಗಿಸಿದೆ. ಟ್ಯೂಬ್‌ಲೈಟು ಆರಿಸಿ ಒಂದೇ ಒಂದು ಕೆಂಪು ಬಲ್ಬು ತೂಗುಹಾಕಿದೆ. ಗೋಡೆಗೆ ತೇವದ ಕಲೆ ಬರೆಸಿದೆ. ಇಡೀ ಹೋಟೆಲು ಖಾಲಿ, ಒಬ್ಬನೇ ಗಿರಾಕಿ, ಮೇಲೆ ಕಿರುಗುಟ್ಟುವ ಫ್ಯಾನು. ನಿರ್ದೇಶಕ ಬಂದು ನೋಡಿ ಇನ್ನೂ ಕತ್ತಲೆ ಬೇಕು ಎಂದ. ಕ್ಯಾಮೆರಾದವನು ಬೆಳಕು ಸಾಲದು ಎಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇಬ್ಬರ ನಡುವೆ ನಾನು ಸ್ಟೂಲಿನ ಮೇಲೆ ಹತ್ತಿ ಇಳಿದು ಬೆವರುತ್ತಿದ್ದಾಗ ಗಲ್ಲಾದ ಪಕ್ಕದಿಂದ ಯಾರೋ ಮೂಗಿನಲ್ಲಿ ನಕ್ಕ ಸದ್ದು ಕೇಳಿಸಿತು.

"ಎಂತದು ಮಾರಾಯ್ತಿ ಇದು? ಇಂಥ ಹೋಟೆಲಿಗೆ ಯಾರು ಬರ್ತಾರೆ, ತಿನ್ಲಿಕ್ಕೆ? ಕೊಲ್ಲುವವನೂ ಬರ್ಲಿಕ್ಕಿಲ್ಲ" ಎಂದರು ಮಾಮಾ.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಸಿಟ್ಟಿನ ಹೆಂಗಸು, ಈಗಲೂ ಅಷ್ಟೆ. ಹಾಗಾದರೆ ನೀವೇ ಹೇಳ್ರಿ, ಕೊಲೆ ಹೆಂಗ ಆಗ್ತದ ಅಂತ, ಎಂದು ಕುಟುಕಿದೆ. ಅವರು ಒಳಗೆ ಹೋದರು. ಆಗ ಮ್ಯಾನೇಜರರು ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು. ಆ ಹೋಟೆಲಿನಲ್ಲಿ ಬಹಳ ವರ್ಷದ ಹಿಂದೆ ನಿಜವಾಗಿ ಒಂದು ಕೊಲೆಯಾಗಿತ್ತು. ಆ ಮೇಜಿಗೆ ನೀರಿಟ್ಟವರು ಮಾಮಾ.

ಹುತ್ತಕ್ಕೆ ಕೈ ಹಾಕಿದ್ದೆ. ಸುಮ್ಮನಿದ್ದು ಕೈ ತೆಗೆಯಬಹುದಿತ್ತು. ತೆಗೆಯಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಮಾಮಾ ನನ್ನ ಮಾತು ಹೊಟ್ಯಾಗ ಹಾಕ್ಕೋರಿ, ಖರೇ ಹೆಂಗ ಆತು ಹೇಳ್ರಿ, ಎಂದು ಬೇಡಿಕೊಂಡೆ. ಕ್ಷಮೆಯೂ ನಿಜ, ಆಸೆಯೂ ನಿಜ. ಅವರು ಕೈಯಲ್ಲಿದ್ದ ಗ್ಲಾಸನ್ನು ಒರೆಸಿ ಇಟ್ಟರು. ಆಮೇಲೆ ಹೊರಗೆ ಬಂದು, ಮೊದಲು ಕಿಟಕಿಯ ಕಪ್ಪು ಬಟ್ಟೆಯನ್ನು ಎಳೆದು ಹಾಕಿದರು.

ಬೆಳಿಗ್ಗೆ ಹನ್ನೊಂದು ಗಂಟೆಯಂತೆ ಅದು. ಬಿಸಿಲು ನೆಲದ ಮೇಲೆ ಮೂರನೆಯ ಮೇಜಿನವರೆಗೂ ಬಂದಿತ್ತು. ಹೋಟೆಲು ಕಿಕ್ಕಿರಿದಿತ್ತು. ಎರಡು ಮಸಾಲೆ, ಒಂದು ಕಾಫಿ ಎಂದು ಅಡಿಗೆಮನೆಯ ಕಡೆ ಕೂಗುವ ಸದ್ದು, ತಟ್ಟೆಯ ಸದ್ದು, ನಗು. ಕೊಲೆಯಾಗಲಿದ್ದವರು ಹಳೆಯ ಯಂತ್ರದ ಬಿಡಿಭಾಗ ಮಾರುವ ಒಬ್ಬ ಸೇಠ್. ದಿನಾ ಬರುವವರು. ಇಡ್ಲಿ ವಡೆ, ಸಾಂಬಾರು ಬೇರೆ ಬಟ್ಟಲಲ್ಲಿ. ಯಾವುದೋ ಬಿಲ್ಡಿಂಗಿನ ಜಗಳದಲ್ಲಿ ಕೋರ್ಟಿನಲ್ಲಿ ಸಾಕ್ಷಿ ಹೇಳಿ ವೈರ ಕಟ್ಟಿಕೊಂಡಿದ್ದರು. ಅಲ್ಲಿಂದೀಚೆಗೆ ಗೋಡೆಯ ಪಕ್ಕದ ಒಂದೇ ಮೇಜು ಅವರಿಗೆ ಬೇಕು. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ತಿನ್ನುತ್ತಲೇ ಕಣ್ಣು ಬಾಗಿಲ ಮೇಲೆ.

ಇಷ್ಟು ಹೇಳಿ ಮಾಮಾ ನನ್ನನ್ನು ನಡುವಿನ ಮೇಜಿನ ಒಂದು ಕುರ್ಚಿಯಲ್ಲಿ ಬಾಗಿಲಿಗೆ ಬೆನ್ನಾಗಿ ಕೂರಿಸಿದರು. ನಾನೀಗ ಸೇಠ್. ಅವರು ನಾಲ್ಕು ಗ್ಲಾಸುಗಳನ್ನು ನಾಲ್ಕು ಬೆರಳಿನಲ್ಲಿ ಕಚ್ಚಿ ಹಿಡಿದು ಬಂದು ಒಂದನ್ನು ನನ್ನ ಮುಂದೆ ಟಕ್ಕೆಂದು ಇಟ್ಟರು. ಆಗ ಇಬ್ಬರು ಒಳಗೆ ಬಂದರಂತೆ, ತೊಳೆದ ಅಂಗಿ, ಬಾಚಿದ ತಲೆ, ನೋಡಿದರೆ ಯಾವುದಾದರೂ ಆಫೀಸಿನವರು ಎನ್ನಬೇಕು. ನೇರ ಬೇಸಿನ್‌ಗೆ ಹೋದರು. ಹೇಳಿ, ಇದರಲ್ಲಿ ತಪ್ಪೆಂತ, ಎಂದು ಮಾಮಾ ನನ್ನನ್ನು ಕೇಳಿದರು. ನನಗೆ ಗೊತ್ತಾಗಲಿಲ್ಲ.

"ಜಾಗ ಹಿಡಿಯದೆ ಯಾರೂ ಕೈ ತೊಳಿಯುದಿಲ್ಲ" ಎಂದರು. "ರಶ್ಶಿನ ಹೊತ್ತಿಗೆ ಮೊದಲು ಕುರ್ಚಿ ಮೇಲೆ ಚೀಲವೋ ಕರ್ಚೀಫೋ ಇಡ್ತಾರೆ, ಆಮೇಲೆ ಬೇಸಿನ್. ಇವರು ಕುರ್ಚಿ ನೋಡ್ಲೇ ಇಲ್ಲ. ನಳ್ಳಿ ಬಿಟ್ಟು ಕನ್ನಡಿ ನೋಡ್ತಾ ನಿಂತ್ರು. ಕೈಗೆ ನೀರೇ ತಾಗಿಸ್ಲಿಲ್ಲ."

ಆ ಮಾತು ಕೇಳಿದ್ದೇ, ಕಪ್ಪು ಬಟ್ಟೆ, ಕೆಂಪು ಬಲ್ಬು, ಬರೆಸಿದ ತೇವ ಎಲ್ಲ ನನಗೆ ಒಮ್ಮೆಲೇ ಮಕ್ಕಳಾಟವೆನಿಸಿತು. ಎಲ್ಲವೂ ಸರಿಯಾಗಿರುವ ಕಡೆ, ಒಂದು ನಳ್ಳಿಯಿಂದ ನೀರು ಸುರಿಯುತ್ತಿದೆ, ಅದರ ಕೆಳಗೆ ಕೈ ಇಲ್ಲ. ಭಯ ಹುಟ್ಟಲು ಇಷ್ಟೇ ಸಾಕು. ಬೇಸಿನ್ನಿನ ಮೇಲಿನ ಕನ್ನಡಿಯಲ್ಲಿ ಇಡೀ ಹೋಟೆಲು ಕಾಣುತ್ತಿತ್ತು. ಕೊಲ್ಲುವವರಿಗೆ ಸೇಠ್ ಕಾಣುತ್ತಾರೆ, ಸಪ್ಲೈಯರಿಗೆ ಕೊಲ್ಲುವವರು ಕಾಣುತ್ತಾರೆ, ಸೇಠ್‌ಗೆ ಮಾತ್ರ ತಮ್ಮ ಇಡ್ಲಿ ಕಾಣುತ್ತದೆ. ನಾನು ಮನಸ್ಸಿನಲ್ಲೇ ಕ್ಯಾಮೆರಾ ಎಲ್ಲಿ ಇಡಬೇಕೆಂದು ಎಣಿಸತೊಡಗಿದ್ದೆ.

ಮಾಮಾ ಮುಂದಿನದನ್ನು ತಗ್ಗಿದ ದನಿಯಲ್ಲಿ ಹೇಳಿದರು. ಮೊದಲ ಗುಂಡು ಕುತ್ತಿಗೆಯ ಹಿಂದೆ ಬಿತ್ತು. ಸೇಠ್ ಎದ್ದು ನಿಲ್ಲಲು ಹೋಗಿ ಮೇಜನ್ನು ಹಿಡಿದರು. ಎರಡನೆಯದಕ್ಕೆ ಹಲ್ಲು ಅಮೃತಶಿಲೆಗೆ ಬಡಿಯಿತು, ಆ ಸದ್ದು ಗುಂಡಿನ ಸದ್ದಿಗಿಂತ ದೊಡ್ಡದಾಗಿತ್ತಂತೆ. ಮೂರನೆಯದರ ಹೊತ್ತಿಗೆ ಸಾಂಬಾರಿನ ಬಟ್ಟಲು ಉರುಳಿ, ರಕ್ತವೂ ಸಾಂಬಾರೂ ಕೂಡಿ ಮೇಜಿನ ಅಂಚಿನಿಂದ ತೊಟ್ಟಿಕ್ಕತೊಡಗಿತು. ಜನ ಒಬ್ಬರನ್ನೊಬ್ಬರು ತುಳಿದು ಬೀದಿಗೆ ಓಡಿದರು. ಆ ನೂಕುನುಗ್ಗಲಿನಲ್ಲಿ ಒಡೆದ ಕನ್ನಡಿಯ ಚೂರಿಗೆ ಸಿಕ್ಕಿ ಒಬ್ಬ ಹೆಂಗಸಿನ ಕೈ ಹರಿಯಿತು. ಕ್ಷಣದಲ್ಲಿ ಹೋಟೆಲು ಖಾಲಿ. ಮೇಜು ಒರೆಸುವ ಕ್ಲೀನರ್ ಕೂಡ ಓಡಿಹೋಗಿದ್ದ. ಉಳಿದವರು ಸೇಠ್ ಮತ್ತು ಮಾಮಾ. ಸೇಠ್ ಕೆಳಗೆ ಜಾರಿದರು... ಮಾಮಾ ಹೆಗಲ ಮೇಲಿನ ಬಟ್ಟೆ ತೆಗೆದು ಮೇಜು ಒರೆಸಿದರು.

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅವರ ಮುಖ ನೋಡಿದೆ. ಹೌದು, ಒರೆಸಿದರು. ಗಿರಾಕಿ ಎದ್ದ ಮೇಲೆ ಮೇಜು ಒರೆಸಬೇಕು, ಕೈಗೆ ಗೊತ್ತಿದ್ದದ್ದು ಅಷ್ಟೆ. ಬಟ್ಟೆ ನೆನೆಯಿತು, ಹಿಂಡಿದರು, ಮತ್ತೆ ಒರೆಸಿದರು. ಗ್ಲಾಸು ತೊಳೆದರು. ಮೇಜಿನ ಕೆಳಗೆ ಫಿನಾಯಿಲ್ ಹಾಕಿದರು. ಪೊಲೀಸರು ಬಂದಾಗ ಅಮೃತಶಿಲೆ ಹೊಳೆಯುತ್ತಿತ್ತು. ಸಾಕ್ಷಿ ಅಳಿಸಿದ ಎಂದು ಅವರಲ್ಲೊಬ್ಬ ಅಲ್ಲೇ, ಹೆಣದ ಪಕ್ಕದಲ್ಲೇ, ಮಾಮಾರ ಕಪಾಳಕ್ಕೆ ಬಿಗಿದ. ಬಲಗಿವಿ ಅಂದಿನಿಂದ ಸರಿಯಾಗಿ ಕೇಳುತ್ತಿರಲಿಲ್ಲ. ಬೆಳಿಗ್ಗೆಯಿಂದ ನಾನು ಎಡಕ್ಕೆ ನಿಂತೇ ಮಾತಾಡಬೇಕಿತ್ತು, ಯಾಕೆಂದು ಆಗ ತಿಳಿಯಿತು.

ಆದರೆ ಅವರನ್ನು ಅಷ್ಟು ವರ್ಷ ಕೊರೆಯುತ್ತಿದ್ದದ್ದು ಕಪಾಳದೇಟಲ್ಲ, ಒರೆಸಿದ್ದೂ ಅಲ್ಲ. ಎದ್ದು ನಿಲ್ಲುತ್ತ ನಾನು ಸುಮ್ಮನೆ ಕೇಳಿದೆ, ಸೇಠ್ ದಿನಾ ಬಾಗಿಲಿಗೆ ಮುಖ ಮಾಡಿ ಕೂಡ್ತಿದ್ರಂದ್ರಿ, ಮತ್ತ ಗುಂಡು ಹಿಂದಿನಿಂದ ಹೆಂಗ ಬಿತ್ತು? ಮಾಮಾ ನನ್ನನ್ನು ನೋಡಲಿಲ್ಲ. ಬಾಗಿಲನ್ನು ನೋಡಿದರು.

"ನಾನು ಕೂರ್ಸಿದ್ದು" ಎಂದರು.

ಆ ದಿನ ಒಬ್ಬಳು ಹೆಂಗಸು ಕೈಗೂಸು ಎತ್ತಿಕೊಂಡು ಮುದಿ ಅತ್ತೆಯ ಜೊತೆ ಬಂದಿದ್ದಳು. ಗೋಡೆಯ ಪಕ್ಕ ಫ್ಯಾಮಿಲಿಗೆ ಅನುಕೂಲ. ಒಂಟಿ ಗಂಡಸರನ್ನು ಎಬ್ಬಿಸಿ ಫ್ಯಾಮಿಲಿಯನ್ನು ಕೂರಿಸುವುದು ನಮ್ಮ ಹೋಟೆಲುಗಳಲ್ಲಿ ಎಲ್ಲರಿಗೂ ಗೊತ್ತಿರುವ ಮರ್ಯಾದೆ. ಮಾಮಾ ಎಂದಿನಂತೆ "ಸೇಠ್, ದೋ ಮಿನಿಟ್, ಫ್ಯಾಮಿಲಿ ಹೈ" ಎಂದರು. ಸೇಠ್ ಒಂದು ಕ್ಷಣ ಬಾಗಿಲನ್ನೂ ಕೂಸನ್ನೂ ನೋಡಿ, ತಟ್ಟೆ ಎತ್ತಿಕೊಂಡು ಎದ್ದರು. ನಡುವಿನ ಫ್ಯಾನಿನ ಮೇಜಿನಲ್ಲಿ ಒಂದೇ ಕುರ್ಚಿ ಖಾಲಿ ಇತ್ತು. ಬಾಗಿಲಿಗೆ ಬೆನ್ನು ಮಾಡಿದ ಕುರ್ಚಿ. ಎದುರಿನ ಕುರ್ಚಿಯಲ್ಲಿ ಯಾರೋ ಮಸಾಲೆ ದೋಸೆ ತಿನ್ನುತ್ತಿದ್ದರು. ಅವರನ್ನು ಈಚೆ ಬನ್ನಿ ಎನ್ನಬಹುದಿತ್ತು, ಹೊಳೆಯಲಿಲ್ಲ. ಇಬ್ಬರು ಬೇಸಿನ್‌ಗೆ ಹೋದಾಗ ತಪ್ಪು ಕಂಡಿತ್ತು, ಆದರೂ ಸೇಠ್‌ಗೆ ಹೇಳದೆ, ಉಳಿದ ಮೂರು ಗ್ಲಾಸು ಇಡಲು ಮುಂದಿನ ಮೇಜಿಗೆ ಹೋದರು. ಪೊಲೀಸರು, ವಕೀಲರು ಎಷ್ಟೋ ಸಲ ಹೇಳಿಕೆ ಬರೆಸಿಕೊಂಡರಂತೆ. ಕುರ್ಚಿಯ ವಿಷಯ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮೊದಲು ಕೇಳಿದವಳು ನಾನು.

ಅಂದೇ ಮಧ್ಯಾಹ್ನ ನಾನು ಸೆಟ್ಟನ್ನು ಬದಲಿಸಿದೆ. ಬೆಳಕು, ಜನ, ನಳ್ಳಿ, ಕನ್ನಡಿ. ನಿರ್ದೇಶಕ ಹುಚ್ಚೆದ್ದು ಕುಣಿದ. ಮಾಮಾ ನೀರಿಡುವುದನ್ನು ಕಂಡು, ಸಪ್ಲೈಯರ್ ಪಾತ್ರಕ್ಕೆ ಬಂದಿದ್ದ ನಟನನ್ನು ಕಳಿಸಿ ಇವರೇ ಬೇಕೆಂದು ಹಟ ಹಿಡಿದ. ಒಪ್ಪಿಸುವ ಹೊಣೆ ನನ್ನ ಮೇಲೆ ಬಿತ್ತು. ಮಾಮಾ ಒಂದೇ ಒಂದು ಕೇಳಿದರು.

"ನಿಮ್ಮ ಸಿನೆಮಾದಲ್ಲಾದ್ರೂ ಅವರನ್ನು ಬಾಗಿಲ ಕಡೆ ಮುಖ ಮಾಡಿ ಕೂರ್ಸು ಮಗಾ. ಸಾಯಲಿ, ಬೇಡ ಹೇಳುದಿಲ್ಲ. ಆದ್ರೆ ನೋಡಿ ಸಾಯಲಿ. ಓಡ್ಲಿಕ್ಕೆ ಒಂದು ಹೆಜ್ಜೆ ಆದ್ರೂ ಇಡಲಿ."

ನಾನು ಕುರ್ಚಿ ತಿರುಗಿಸ್ತೇನ್ರಿ ಮಾಮಾ ಎಂದು ಮಾತು ಕೊಟ್ಟೆ. ಕೊಡುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ. ನಿರ್ದೇಶಕನಿಗೆ ಹೋಗಿ ಹೇಳಿಯೂ ಹೇಳಿದೆ. ಅವನು ನಕ್ಕುಬಿಟ್ಟ. ಸಾಯುವವನಿಗೆ ಕಂಡರೆ ಭಯ ಅವನದು, ಕಾಣದಿದ್ದರೆ ಭಯ ನೋಡುವವರದು, ನಮಗೆ ಯಾರ ಭಯ ಬೇಕು, ಎಂದು ಕೇಳಿದ. ಅವನು ಹೇಳಿದ್ದು ಸರಿ ಇತ್ತು. ಬಾಗಿಲಿಗೆ ಬೆನ್ನು ಮಾಡಿದ ಆ ಕುರ್ಚಿಯ ಮೇಲೇ ಆ ದೃಶ್ಯ ನಿಂತಿದೆಯೆಂದು ನನಗೂ ಗೊತ್ತಿತ್ತು. ಮಾಮಾರಿಗೆ ಬಂದು, ಮೊದಲ ಹಿಂಗ ತಗೊಂಡು ಆಮ್ಯಾಲ ತಿರುಗಿಸಿ ತಗೋತೀವ್ರಿ, ಎಂದೆ. ನಮ್ಮ ದಂಧೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಸುಳ್ಳು ಅದು. ಅವರು ನಂಬಿದರು.

ಮರುದಿನ ಬೆಳಿಗ್ಗೆ ಚಿತ್ರೀಕರಣ. ನಲವತ್ತು ಜನ ಜೂನಿಯರ್ ಕಲಾವಿದರು ನಿಜವಾದ ದೋಸೆ ತಿನ್ನುತ್ತ ಕೂತಿದ್ದರು. ವ್ಯಾಪಾರಿಯ ಪಾತ್ರದವನ ಅಂಗಿಯೊಳಗೆ ಸಕ್ಕರೆ ಪಾಕಕ್ಕೆ ಬಣ್ಣ ಬೆರೆಸಿ ಮಾಡಿದ ರಕ್ತದ ಚೀಲ. ಮಾಮಾ ಗ್ಲಾಸು ಮೇಜಿಗಿಟ್ಟು ಮುಂದೆ ಹೋಗಬೇಕು. ಆ ಟಕ್ ಸದ್ದಿಗೆ ಬೇಸಿನ್ನಿನ ಬಳಿಯ ಇಬ್ಬರು ತಿರುಗಬೇಕು. ಮೊದಲ ಸಲ ಒಂದು ದೀಪ ಕೈಕೊಟ್ಟಿತು. ಎರಡನೆಯ ಸಲ ಎಲ್ಲ ಸರಿಯಾಯಿತು, ಆದರೆ ನಿರ್ದೇಶಕ ಇನ್ನೊಂದು ಬೇಕೆಂದ. ಆ ನಡುವಿನಲ್ಲಿ ಮಾಮಾ ನನ್ನ ಹತ್ತಿರ ಬಂದು, ಈಗ ತಿರುಗಿಸುದಾ, ಎಂದು ಕೇಳಿದರು. ನಾನು ನಕ್ಷೆ ನೋಡುವವಳಂತೆ ತಲೆ ಬಗ್ಗಿಸಿ, ಇನ್ನೊಂದು ಸಲ ಆಗಲ್ರಿ, ಎಂದೆ. ಅವರಿಗೆ ಆಗಲೇ ತಿಳಿದಿರಬೇಕು...

ಮೂರನೆಯ ಸಲ ನಳ್ಳಿ ಸುರಿಯಿತು. ಮಾಮಾ ನಾಲ್ಕು ಗ್ಲಾಸು ಹಿಡಿದು ಬಂದರು, ಒಂದನ್ನು ಇಟ್ಟರು. ಮುಂದೆ ಹೋಗಲಿಲ್ಲ. ಬಗ್ಗಿ ಆ ನಟನ ಕಿವಿಗೆ "ಸೇಠ್, ಉಠಿಯೇ. ಉಸ್ ತರಫ್ ಬೈಠಿಯೇ" ಎಂದು, ಎದ್ದು ಆ ಕಡೆ ಕೂರಲು ಹೇಳಿದರು. ನಟ ಗಲಿಬಿಲಿಗೊಂಡು ಕೂತಲ್ಲೇ ಕೂತ. ಮಾಮಾ ಮೂರೂ ಗ್ಲಾಸು ಕೈಬಿಟ್ಟರು. ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದು ಎಳೆದರು. ಕಾಲುಗಳು ನೆಲಕ್ಕೆ ತಿಕ್ಕಿ ಕಿರುಚಿದವು. ಟಕ್ ಸದ್ದು ಆಗಿಹೋಗಿತ್ತು, ಆ ಇಬ್ಬರು ಆಗಲೇ ತಿರುಗಿ ಬರುತ್ತಿದ್ದರು. ಕುರ್ಚಿ ಅರ್ಧ ತಿರುಗಿದಾಗ ಪಿಸ್ತೂಲು ಎದ್ದಿತು. ಮಾಮಾ ಅಂಗೈ ಚಾಚಿ ಅದರ ಬಾಯಿಗೇ ಅಡ್ಡ ಹಿಡಿದರು.

ಡಮ್ಮಿಯಲ್ಲಿ ಗುಂಡಿರುವುದಿಲ್ಲ, ಮದ್ದಿರುತ್ತದೆ. ಅಷ್ಟು ಹತ್ತಿರದಲ್ಲಿ ಮದ್ದೇ ಸಾಕು. ಅಂಗೈಯ ಚರ್ಮ ಸುಟ್ಟು ಕಪ್ಪಾಗಿ ಸುಲಿದುಕೊಂಡಿತು. ಅದೇ ಗಳಿಗೆಗೆ ಹೊರಗೆ ಕೂತವರು ಗುಂಡಿ ಒತ್ತಿ ರಕ್ತದ ಚೀಲ ಒಡೆದರು. ಕೆಂಪು ಪಾಕ ಮಾಮಾರ ಮುಖಕ್ಕೆ, ಬಿಳಿ ಅಂಗಿಗೆ ಚಿಮ್ಮಿತು. ಅವರು ನಟನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಳುವಿನಲ್ಲಿ ಏನೋ ಕೂಗಿದರು, ಮತ್ತೆ ಮತ್ತೆ ಕೂಗಿದರು. ಸುಟ್ಟ ಕೈಯ ನಿಜವಾದ ರಕ್ತ ಆ ನಟನ ಕೆನ್ನೆಗೆ ಹತ್ತಿತು. ನಿರ್ದೇಶಕ ಕಟ್ ಎನ್ನಲಿಲ್ಲ. ಕ್ಯಾಮೆರಾ ಮಾಮಾರ ಮುಖದ ಮೇಲೆ ಓಡುತ್ತಲೇ ಇತ್ತು. ಓಡಿಹೋಗಿ ಅವರನ್ನು ಹಿಡಿಯಬೇಕಾದ ನಾನು ಪಕ್ಕದ ಮಾನಿಟರಿನ ಪರದೆಯಲ್ಲಿ ಚೌಕಟ್ಟು ಎಷ್ಟು ಚೆನ್ನಾಗಿ ಬಂದಿದೆ ಎಂದು ನೋಡುತ್ತಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಕಟ್ ಆದ ಮೇಲೆ ಸೆಟ್ಟಿನವನೊಬ್ಬ ಫಿನಾಯಿಲು, ಬಟ್ಟೆ ಹಿಡಿದು ಬಂದ. ಸಿಹಿಗೆ ಆಗಲೇ ನೊಣ ಮುತ್ತಿದ್ದವು. ಮಾಮಾ ಮೇಜಿಗೆ ಅಡ್ಡ ನಿಂತು, "ಒರೆಸ್ಬೇಡಿ! ಯಾರೂ ಒರೆಸ್ಬೇಡಿ!" ಎಂದು ಅರಚಿದರು. ಆಮೇಲೆ ಅದೇ ಕುರ್ಚಿಯಲ್ಲಿ ಕುಸಿದು ಕೂತರು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಾಗ ಅವರ ಮುಖದಲ್ಲಿ ನಾನು ಹಿಂದೆ ಕಾಣದಿದ್ದ ಒಂದು ನಿರಾಳವಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದ ಹಾಗಾಯ್ತು ನಂದು, ಎಂದು ತಮ್ಮನ್ನೇ ಚುಡಾಯಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, ಅದು ಸಿನೆಮಾದಲ್ಲಿ ಬರ್ತದಲ್ಲ, ಕುರ್ಚಿ ತಿರುಗಿಸಿದ್ದು, ಎಂದು ಕೇಳಿದರು. ಬರ್ತದರಿ ಮಾಮಾ ಎಂದೆ. ಎರಡನೆಯ ಸಲ ಮಾತು ಕೊಟ್ಟಿದ್ದೆ.

ಬಾಂದ್ರಾದಲ್ಲಿ ಎಡಿಟಿಂಗ್ ನಡೆಯುವಾಗ ನನ್ನನ್ನು ಕರೆದು ತೋರಿಸಿದರು. ಎರಡನೆಯ ಸಲದ ಚಿತ್ರದಲ್ಲಿ ಗ್ಲಾಸಿಟ್ಟು ಮುಂದೆ ಹೋಗುವ ಮಾಮಾ. ಅದಕ್ಕೆ ಅಂಟಿಸಿ ಗುಂಡು. ಅದಕ್ಕೆ ಅಂಟಿಸಿ, ಮೂರನೆಯ ಸಲದ್ದು, ರಕ್ತ ಮೆತ್ತಿದ ಅವರ ಮುಖ ಮಾತ್ರ. ಪಿಸುಗುಟ್ಟಿದ್ದು ಇಲ್ಲ, ಕುರ್ಚಿ ಎಳೆದದ್ದು ಇಲ್ಲ, ಚಾಚಿದ ಅಂಗೈ ಇಲ್ಲ. ಪರದೆಯ ಮೇಲೆ ಅವರು ನೀರಿಡುತ್ತಾರೆ, ಬೆನ್ನು ತಿರುಗಿಸಿ ಹೋಗುತ್ತಾರೆ, ಕೊಲೆಯಾದ ಮೇಲೆ ನೋಡುತ್ತಾರೆ. ಒಂದು ಮಾತು ಆಡಬಹುದಿತ್ತು. ನಿರ್ದೇಶಕ ಕೇಳುತ್ತಿದ್ದನೋ ಇಲ್ಲವೋ, ಆಡಬಹುದಿತ್ತು. ಆದರೆ ದೃಶ್ಯ ಮುಗಿದಾಗ ಆ ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು, ಆಮೇಲೆ ಎಲ್ಲರೂ ತಿರುಗಿ ನನ್ನ ಕೈ ಕುಲುಕಿದರು. ನನಗೆ ಅದು ಬೇಕಾಗಿತ್ತು. ನಾಚಿಕೆಯಿಲ್ಲದೆ ಬರೆಯುತ್ತೇನೆ, ಬಹಳ ಬೇಕಾಗಿತ್ತು.

ಸಿನೆಮಾ ಬಂದಾಗ ಮಾಮಾರನ್ನು ಮಧ್ಯಾಹ್ನದ ಆಟಕ್ಕೆ ನಾನೇ ಕರೆದುಕೊಂಡು ಹೋದೆ. ತಪ್ಪಿಸಿಕೊಳ್ಳಬಹುದಿತ್ತು, ಅಷ್ಟು ಹೇಡಿಯಾಗಲಿಲ್ಲ ಎಂಬುದೊಂದೇ ಸಮಾಧಾನ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಅಂಗೈಯ ಹೊಸ ಚರ್ಮ ಇನ್ನೂ ಗುಲಾಬಿ ಬಣ್ಣದಲ್ಲಿತ್ತು. ಆ ದೃಶ್ಯ ಬಂದಾಗ ಅವರು ಮುಂದಿನ ಸೀಟನ್ನು ಹಿಡಿದುಕೊಂಡರು, ಕುರ್ಚಿ ಎಳೆದ ಹಾಗೆಯೇ ಎರಡೂ ಕೈಯಿಂದ. ನಮ್ಮ ಹಿಂದೆ ಯಾರೋ ಆ ವೇಟರನಿಗೆ ಬೈದರು, ಕಂಡೂ ಹೇಳಲಿಲ್ಲವಲ್ಲ ಎಂದು. ಅದು ಅವರ ಒಳ್ಳೆಯ ಕಿವಿಯ ಕಡೆಯಿಂದಲೇ ಬಂತು.

ಹೊರಗೆ ಮೆಟ್ಟಿಲ ಮೇಲೆ ಬಿಸಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಮತ್ತೆ ಅಲ್ಲೇ ಕೂರ್ಸಿದ್ರಲ್ಲ ಮಾರಾಯ್ತಿ" ಎಂದರು. ಆಮೇಲೆ, ನನಗೆ ನೋವಾಗಬಾರದೆಂದೋ ಏನೋ, ಸೆಟ್ಟು ಚೆಂದ ಬಂದಿದೆ ಎಂದೂ ಸೇರಿಸಿದರು.

ಆಮೇಲೆ ನಾನು ಎರಡು ಸಲ ಆ ಹೋಟೆಲಿಗೆ ಹೋದೆ. ಎರಡೂ ಸಲ ನಾನು ಎಲ್ಲೋ ಕೂರಲು ಹೊರಟರೆ ಅವರು ಅಲ್ಲಿ ಬೇಡ ಎಂದು ಗೋಡೆಯ ಪಕ್ಕದ ಮೇಜಿಗೆ ಕರೆದುಕೊಂಡು ಹೋಗಿ ಬಾಗಿಲಿಗೆ ಮುಖ ಮಾಡಿ ಕೂರಿಸಿದರು. ನೀರಿಟ್ಟರು, ಕಾಫಿ ಇಟ್ಟರು. ಕ್ಷಮಿಸ್ರಿ ಎಂಬ ಮಾತನ್ನು ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಮುಂದಿನ ಸಲ ಹೋದಾಗ ಹೋಟೆಲಿಗೆ ಬೀಗ ಬಿದ್ದಿತ್ತು. ಆಮೇಲೆ ಫೋರ್ಟಿನ ಇನ್ನೊಂದು ಹೋಟೆಲಿನ ಗಲ್ಲಾದ ಮೇಲೆ ಅದೇ ಮ್ಯಾನೇಜರರು ಸಿಕ್ಕು, ಮಾಮಾ ಊರಿಗೆ ತಂಗಿಯ ಮನೆಗೆ ಹೋದವರು ಒಂದೇ ವರ್ಷದಲ್ಲಿ ತೀರಿಹೋದರು ಎಂದು ತಿಳಿಸಿದರು. ಕೊನೆಗೆ ಜ್ವರದಲ್ಲಿ ಮಂಚವನ್ನು ತಿರುಗಿಸಿ ಎಂದು ಕೇಳುತ್ತಿದ್ದರಂತೆ... ಯಾವ ಕಡೆಗೆಂದು ನಾನು ಕೇಳಲಿಲ್ಲ.

ಆ ದೃಶ್ಯವನ್ನು ಜನ ಈಗಲೂ ಮೊಬೈಲಿನಲ್ಲಿ ನೋಡುತ್ತಾರೆ. ಸಿನೆಮಾ ಕಲಿಯುವವರು ಬಂದು, ಆ ನಳ್ಳಿ ನಿಮಗೆ ಹೇಗೆ ಹೊಳೆಯಿತು ಮೇಡಂ ಎಂದು ಕೇಳುತ್ತಾರೆ. ಹೊಳೆದದ್ದಲ್ಲ, ಒಬ್ಬರು ಹೇಳಿದ್ದು, ಎಂದು ನಾನು ಇಷ್ಟು ವರ್ಷ ಹೇಳಿರಲಿಲ್ಲ.

ಹೋದ ವಾರ ನಿಂಬೆ ನೀರು ಕುಡಿದು ಒಳಗೆ ಹೋದೆ. ಇದೂ ಕೊಲೆಯ ದೃಶ್ಯವೇ, ಇದೂ ಹೋಟೆಲೇ. ಈ ಸಿನೆಮಾದ ನಿರ್ದೇಶಕಿ ಊಟಕ್ಕೆ ಹೋಗಿದ್ದಳು. ನಡುವಿನ ಮೇಜಿನ ಕುರ್ಚಿಯನ್ನು ನಾನು ಎರಡೂ ಕೈಯಿಂದ ಹಿಡಿದು ಬಾಗಿಲ ಕಡೆ ತಿರುಗಿಸಿ ಕೂತೆ. ಬಾಗಿಲು ತೆರೆದೇ ಇತ್ತು. ಅದರಾಚೆ ಬೀದಿಯಿಲ್ಲ, ಪ್ಲೈವುಡ್ಡಿನ ಹಿಂಬದಿ, ಆನಿಸಿಟ್ಟ ಏಣಿ, ಸುತ್ತಿಟ್ಟ ವಯರು. ಬಹಳ ಹೊತ್ತು ನೋಡಿದೆ. ಯಾರೂ ಬರಲಿಲ್ಲ. ಆಮೇಲೆ ಅಸಿಸ್ಟೆಂಟ್ ಬಂದು, ಮೇಡಂ ಕುರ್ಚಿ ಯಾವ ಕಡೆ ಇಡಲಿ, ಶಾಟ್‌ಗೆ ಎಲ್ಲರೂ ರೆಡಿ, ಎಂದ. ಎದ್ದು ನಾನೇ ಅದನ್ನು ಬಾಗಿಲಿಗೆ ಬೆನ್ನು ಮಾಡಿ ಇಟ್ಟೆ. ಶಾಟ್ ಒಂದೇ ಸಲಕ್ಕೆ ಸರಿಯಾಯಿತು.

ಮಾಮಾ, ಮತ್ತ ಅಲ್ಲೇ ಕೂಡಿಸಿದೆ.